ಶೀಟು ಗೋಡೆಯ ಬಾಗಿಲಿಗೆ ಪಟ್ಟಿ: ಸಿಲಿಕಾನ್ ಬಳಿದರೂ ನೀರು ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಡಿಕೆ ಮೂಟೆ, ಗೊಬ್ಬರ, ಔಷಧಿ ಹೊಡೆಯುವ ಪಂಪು ಇಡಲು 20 ಅಡಿಗೆ 30 ಅಡಿಯ ಶೆಡ್ ಹಾಕಿಸಿದೆವು. ಕೆಳಗೆ ಒಂದಡಿ ಎತ್ತರದ ಕಾಂಕ್ರೀಟ್ ಪಂಚಾಂಗ, ಅದರ ಮೇಲೆ 2 ಇಂಚಿನ ಚೌಕ ಪೈಪು, ಪೈಪಿಗೆ ಅಲೆ ಅಲೆಯ ಜಿಂಕ್ ಶೀಟು. ಅಲೆಗಳು ಮೇಲಿನಿಂದ ಕೆಳಕ್ಕೆ ಇಳಿಯುವ ಹಾಗೆ ಹೊಡೆದಿದ್ದಾರೆ. ಪಶ್ಚಿಮದ ಗೋಡೆಯಲ್ಲಿ 4 ಅಡಿ ಅಗಲ, 7 ಅಡಿ ಎತ್ತರದ ಕಬ್ಬಿಣದ ಬಾಗಿಲು ಇದೆ. ಒಳಗೆ ತೆರೆಯುತ್ತದೆ. ಕೆಲಸದವರು ಶೀಟನ್ನು ಗ್ರೈಂಡರ್‌ನಲ್ಲಿ ಕೊಯ್ದು, ಬಾಗಿಲ ಪೈಪಿಗೆ ಸ್ಕ್ರೂ ಹೊಡೆದು, ಸುತ್ತ ಸಿಲಿಕಾನ್ ಬಳಿದು ಹೋದರು. ಮೊದಲ ಮಳೆಗಾಲಕ್ಕೇ ಬಾಗಿಲ ತಲೆಯಿಂದ ನೀರು ಇಳಿಯಿತು, ಬದಿಯಿಂದ ಎರಚಲು ಬಂತು. ಕೊಯ್ದ ಅಂಚು ತುಕ್ಕು ಹಿಡಿದಿದೆ, ಮುಟ್ಟಿದರೆ ಕೈ ಕೊಯ್ಯುತ್ತದೆ. ಅಲೆಯ ಸಂದಿಯಲ್ಲಿ ಇಲಿಮರಿ ಓಡಾಡುತ್ತದೆ. ಶೀಟು ಪೂರ್ತಿ ಬಿಚ್ಚದೆ ಬಾಗಿಲ ಸುತ್ತ ಪಟ್ಟಿ ಹಾಕಲು ಆಗುತ್ತದಾ? ಯಾವ ಅಳತೆ ಕೊಡಬೇಕು?

ಉತ್ತರ: ಆಗುತ್ತದೆ. ಬಾಗಿಲ ಮೇಲೆ ಮತ್ತು ಮೇಲಿನ ಎರಡು ಮೂಲೆಯಲ್ಲಿರುವ ಒಂದಷ್ಟು ಸ್ಕ್ರೂ ಬಿಚ್ಚಿದರೆ ಸಾಕು, ಶೀಟು ಅದರ ಜಾಗದಲ್ಲೇ ಇರಲಿ. ಬೇಕಾಗುವುದು ತಗಡು ಮಡಚಿ ಮಾಡಿದ ಮೂರೇ ಪಟ್ಟಿ. ಬಾಗಿಲ ತಲೆಗೆ ಒಂದು, ಎರಡು ಬದಿಗೆ ಎರಡು. ಅಂಗಡಿಯಲ್ಲಿ ಫ್ಲಾಶಿಂಗ್ ಅಂತ ಕೇಳಿ, ಗೊತ್ತಾಗುತ್ತದೆ. ಇಬ್ಬರು ಸೇರಿದರೆ ಒಂದು ದಿನದ ಕೆಲಸ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ತಲೆಯ ಮೇಲಿನ ಪಟ್ಟಿ ಶೀಟಿನ ಹಿಂದೆ ಹೋಗಬೇಕು. ಮುಂದೆ ಅಂಟಿಸಿದರೆ ಎಷ್ಟು ಚಂದದ ಪಟ್ಟಿಯಾದರೂ ಪ್ರಯೋಜನ ಇಲ್ಲ. ನಾನು ನೋಡಿದ ಸೋರುವ ಬಾಗಿಲುಗಳಲ್ಲಿ ಹೆಚ್ಚಿನವು ಪಟ್ಟಿ ಇಲ್ಲದ್ದಕ್ಕೆ ಸೋರುತ್ತಿರಲಿಲ್ಲ. ಪಟ್ಟಿ ಇತ್ತು, ಆದರೆ ಶೀಟಿನ ಮುಂದೆ ಇತ್ತು. ಕೆಲಸದವರಿಗೆ ಮುಂದೆ ಹೊಡೆಯುವುದು ಸುಲಭ, ನೋಡಲೂ ಅಚ್ಚುಕಟ್ಟು. ನೀರಿಗೆ ಮಾತ್ರ ಅದು ಒಳಗೆ ಬರಲು ಇಟ್ಟ ತಟ್ಟೆ.

ನೀರು ಏನು ಮಾಡುತ್ತದೆ ಅಂತ ನೋಡಿ. ನಿಮ್ಮ ಶೀಟಿನಲ್ಲಿ ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಸುಮಾರು 75 ಎಂಎಂ ಇರುತ್ತದೆ. 4 ಅಡಿ ಬಾಗಿಲ ಮೇಲೆ ಹದಿನಾರು ತಗ್ಗುಗಳು ಬಂದು ಕೊನೆಯಾಗುತ್ತವೆ. ಮೇಲಿನ ಗೋಡೆಗೆ ಬಡಿದ ಮಳೆಯೆಲ್ಲ ಈ ಹದಿನಾರು ಕಾಲುವೆಯಲ್ಲಿ ಇಳಿದು ಕೊಯ್ದ ಅಂಚಿಗೆ ಬರುತ್ತದೆ. ಅಲ್ಲಿಂದ ನೆಟ್ಟಗೆ ಕೆಳಗೆ ಬಿದ್ದಿದ್ದರೆ ತೊಂದರೆ ಇರಲಿಲ್ಲ. ಆದರೆ ನೀರು ತಗಡಿನ ಅಂಚಿಗೆ ಅಂಟಿಕೊಂಡು ಹಿಂದಕ್ಕೆ ತಿರುಗುತ್ತದೆ, ಪೈಪಿನ ಮುಖಕ್ಕೆ ತಾಗುತ್ತದೆ, ಪೈಪಿನ ಅಡಿಭಾಗ ಹಿಡಿದು ಒಳಗೆ ಬರುತ್ತದೆ. ಹಿಂದಿನಿಂದ ಪಶ್ಚಿಮದ ಗಾಳಿ ಬೇರೆ ತಳ್ಳುತ್ತದೆ. ಗಾಳಿ ಜೋರಾದಾಗ ಈ ನೀರು ಮೇಲಕ್ಕೂ ಏರುತ್ತದೆ. ಮಳೆಯ ದಿನ ಬಾಗಿಲ ಬಳಿ ನಿಂತು ಒಂದೇ ಒಂದು ತಗ್ಗಿನ ಕೊನೆಯನ್ನು ಕಣ್ಣಿಟ್ಟು ನೋಡಿ. ಹನಿ ಅಂಚಿಗೆ ಬಂದು, ದಪ್ಪಗಾಗಿ, ಬೀಳುವ ಬದಲು ಒಳಮೈಗೆ ಸರಿಯುವುದು ಕಾಣುತ್ತದೆ.

ಇನ್ನು ಸಿಲಿಕಾನ್. ಹತ್ತಡಿ ಉದ್ದದ ಶೀಟು 40 ಡಿಗ್ರಿ ಬಿಸಿ ಏರಿದರೆ ಸುಮಾರು ಒಂದೂವರೆ ಎಂಎಂ ಹಿಗ್ಗುತ್ತದೆ. ರಾತ್ರಿ ತಂಪಾದಾಗ ಮತ್ತೆ ಕುಗ್ಗುತ್ತದೆ. ಬೇಸಿಗೆಯಲ್ಲಿ ದಿನಾ ಇದೇ ಆಟ. ತೆಳ್ಳಗೆ ಬಳಿದ ಸಿಲಿಕಾನ್ ಒಂದು ಬದಿಯಿಂದ ಬಿಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕು ಬಿದ್ದರೆ ಸಾಕು, ನೀರನ್ನು ಅದು ಹೀರಿಕೊಳ್ಳುತ್ತದೆ. ಆಮೇಲೆ ಉಳಿದ ಸಿಲಿಕಾನ್ ಆ ನೀರು ಹೊರಗೆ ಹೋಗದಂತೆ ತಡೆಯುತ್ತದೆ. ನಿಮ್ಮ ಅಂಚು ಇಷ್ಟು ಬೇಗ ತುಕ್ಕು ಹಿಡಿಯಲು ಇದೂ ಒಂದು ಕಾರಣ. ಬಳಿಯುವಾಗ ವಿನೆಗರ್ ತರಹ ಘಾಟು ಬಂದಿದ್ದರೆ ಅದು ಅಗ್ಗದ ಸಿಲಿಕಾನ್. ಒಣಗುವಾಗ ಅದರಿಂದ ಹುಳಿ ಹೊರಬರುತ್ತದೆ, ಜಿಂಕ್ ಲೇಪವನ್ನು ತಿನ್ನುತ್ತದೆ. ಶೀಟಿಗೆ ಯಾವಾಗಲೂ ‘ನ್ಯೂಟ್ರಲ್ ಕ್ಯೂರ್’ ಅಂತ ಬರೆದಿರುವ ಸಿಲಿಕಾನ್ ತನ್ನಿ.

ನೀರು ತಡೆಯಲು ಅಂಟಿಗಿಂತ ಮಡಿಕೆ ಮುಖ್ಯ. ಮಂಗಳೂರು ಹೆಂಚಿನ ಮಾಡಿನಲ್ಲಿ ಎಲ್ಲೂ ಅಂಟಿಲ್ಲ, ಆದರೂ ಸೋರುವುದಿಲ್ಲ, ಅಲ್ವಾ? ಮೇಲಿನ ಹೆಂಚು ಕೆಳಗಿನದರ ಮೇಲೆ ಕೂತಿದೆ, ಅಷ್ಟೇ. ಬಾಗಿಲಿಗೂ ಅದೇ ಲೆಕ್ಕ. ಮೇಲಿನ ಶೀಟು ತಲೆಪಟ್ಟಿಯ ಮೇಲೆ, ತಲೆಪಟ್ಟಿ ಬದಿಪಟ್ಟಿಯ ಮೇಲೆ, ಬದಿಪಟ್ಟಿಯ ಕೊನೆ ಪಂಚಾಂಗದ ಹೊರಕ್ಕೆ.

ಈಗ ಅಳತೆಗೆ ಬರೋಣ. ಮೊದಲು ನಿಮ್ಮ ಶೀಟಿನ ಅಲೆ ಎಷ್ಟು ಆಳ ಅಂತ ನೋಡಿಕೊಳ್ಳಿ. ಒಂದು ನೇರ ಪಟ್ಟಿಯನ್ನು ಎರಡು ಉಬ್ಬುಗಳ ಮೇಲೆ ಅಡ್ಡ ಇಟ್ಟು, ನಡುವಿನ ತಗ್ಗಿನವರೆಗೆ ಅಳೆಯಿರಿ. ಹಳೇ ಮಾದರಿಯ ಜಿಂಕ್ ಶೀಟಾದರೆ 17–18 ಎಂಎಂ ಬರುತ್ತದೆ. ಕೆಳಗಿನ ಅಳತೆಯೆಲ್ಲ ಈ ಶೀಟಿಗೆ.

ತಲೆಪಟ್ಟಿಯನ್ನು ಪಕ್ಕದಿಂದ ನೋಡಿದರೆ ನಾಲ್ಕು ಭಾಗ. ಶೀಟಿನ ಹಿಂದೆ ಮೇಲಕ್ಕೆ ಹೋಗುವ ಬೆನ್ನು 150 ಎಂಎಂ. ಅಲ್ಲಿಂದ ಹೊರಕ್ಕೆ ಬರುವ ಚಾಚು 60 ಎಂಎಂ. ಚಾಚಿನ ತುದಿಯಿಂದ ಕೆಳಕ್ಕೆ ಇಳಿಯುವ ಮೂತಿ 24 ಎಂಎಂ. ಮೂತಿಯ ಕೊನೆಯಲ್ಲಿ ಹಿಂದಕ್ಕೆ ಚಪ್ಪಟೆಯಾಗಿ ಮಡಚಿದ ಅಂಚು 10 ಎಂಎಂ. ಈ ಮಡಿಕೆಯನ್ನು ಬಿಡಬೇಡಿ. ಕೈ ಕೊಯ್ಯದಂತೆ ಕಾಯುವುದೂ ಅದೇ, ಪಟ್ಟಿ ಗಾಳಿಗೆ ಪಟಪಟ ಅನ್ನದಂತೆ ಬಿಗಿ ಕೊಡುವುದೂ ಅದೇ. ಬೆನ್ನಿಗೂ ಚಾಚಿಗೂ ನಡುವಿನ ಮೂಲೆ 90 ಡಿಗ್ರಿ ಬೇಡ, 100 ಡಿಗ್ರಿ ಮಾಡಿಸಿ. ಆಗ ಚಾಚು ಹೊರಕ್ಕೆ ಸುಮಾರು 10 ಎಂಎಂ ವಾಲುತ್ತದೆ, ನೀರು ನಿಲ್ಲುವುದಿಲ್ಲ.

ಬೆನ್ನು 150 ಜಾಸ್ತಿ ಆಯಿತು ಅಂತ ಅಂಗಡಿಯವರು ಹೇಳಬಹುದು. ಬಯಲುಸೀಮೆಯಲ್ಲಾದರೆ 75 ಸಾಕು, ನಾನೂ ಒಪ್ಪುತ್ತೇನೆ. ಆದರೆ ಆಗುಂಬೆ ಇರುವುದು ನಿಮ್ಮದೇ ತಾಲ್ಲೂಕಿನಲ್ಲಿ. ಅಲ್ಲಿ ವರ್ಷಕ್ಕೆ ಏಳು ಸಾವಿರ ಎಂಎಂಗೂ ಮೇಲೆ ಮಳೆ. ನಿಮ್ಮಲ್ಲಿ ಅಷ್ಟು ಬೀಳದೇ ಇರಬಹುದು, ಆದರೂ ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ ತಗಡಿನಲ್ಲಿ ಉಳಿಸಲು ಹೋಗಬೇಡಿ. ಇನ್ನೊಂದು ಲಾಭವೂ ಇದೆ. ಮಳೆಗಾಲದಲ್ಲಿ ಶೀಟಿನ ಒಳಮೈ ಬೆವರುತ್ತದೆ. ಆ ಬೆವರು ಇಳಿದು ಬಂದಾಗ ಬೆನ್ನಿನ ಮುಂದೆ ಬಿದ್ದು ಚಾಚಿನ ಮೇಲಿಂದ ಹೊರಗೆ ಹೋಗುತ್ತದೆ.

ಬದಿಪಟ್ಟಿಯಲ್ಲಿ ಎರಡು ಬಗೆ. ಹೊಸದಾಗಿ ಕಟ್ಟುವವರು ‘ಜೆ’ ಆಕಾರದ್ದನ್ನು ಮೊದಲೇ ಚೌಕಟ್ಟಿಗೆ ಹೊಡೆದು, ಶೀಟಿನ ಅಂಚನ್ನು ಅದರ ಬಾಯಿಯೊಳಗೆ ತೂರಿಸುತ್ತಾರೆ. ನೋಡಲು ಅದೇ ಚಂದ. ನಿಮ್ಮದು ಆಗಲೇ ಹೊಡೆದ ಶೀಟು, ಆದ್ದರಿಂದ ಶೀಟಿನ ಮೇಲೆ ಕೂರುವ ‘ಝಡ್’ ಆಕಾರ ಮಾಡಿಸಿ. ತಲೆಪಟ್ಟಿ ಹಿಂದೆಯೇ ಹೋಗಬೇಕು ಅಂದವನು ಬದಿಗೆ ಮುಂದೆ ಹೊಡೆಯಿರಿ ಅನ್ನುತ್ತಿದ್ದಾನಲ್ಲ ಅಂತ ಅನ್ನಿಸಬಹುದು. ಬದಿಯಲ್ಲಿ ಅಲೆಗಳು ಪಟ್ಟಿಯ ಜೊತೆಗೇ ಕೆಳಗಿಳಿಯುತ್ತವೆ, ನೀರು ಪಟ್ಟಿಗೆ ಎದುರಾಗಿ ಬರುವುದಿಲ್ಲ. ಪಟ್ಟಿಯ ಅಡಿಗೆ ಸ್ವಲ್ಪ ನೀರು ಹೋದರೂ ಅಲ್ಲಿರುವ ತಗ್ಗಿನಲ್ಲೇ ಇಳಿದು ಕೆಳಗೆ ಹೊರಬೀಳುತ್ತದೆ. ಅಲೆ ಅಡ್ಡಡ್ಡ ಬರುವಂತೆ ಶೀಟು ಹೊಡೆದಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಝಡ್‌ನ ಅಳತೆ ಹೀಗೆ: ಶೀಟಿನ ಮೇಲೆ ಮಲಗುವ ರೆಕ್ಕೆ 105 ಎಂಎಂ, ಅಲೆಯ ದಪ್ಪಕ್ಕೆ ಹಿಂದಕ್ಕೆ ಹೋಗುವ ಭಾಗ 19, ಪೈಪಿನ ಮುಖದ ಮೇಲೆ ಕೂರುವ ಪಾದ 18, ರೆಕ್ಕೆಯ ತುದಿಯಲ್ಲಿ ಒಳಕ್ಕೆ ಮಡಚಿದ ಅಂಚು 10. ರೆಕ್ಕೆ ಯಾಕೆ ಇಷ್ಟು ಅಗಲ ಅಂದರೆ, ನಿಮ್ಮ ಶೀಟು ಎಲ್ಲಿ ಬೇಕಾದರೂ ಕೊಯ್ದಿರಬಹುದು. ಉಬ್ಬಿನ ಮೇಲೆ, ತಗ್ಗಿನಲ್ಲಿ, ಅರ್ಧದಲ್ಲಿ. ಎಲ್ಲಿ ಕೊಯ್ದಿದ್ದರೂ 75 ಎಂಎಂ ಒಳಗೆ ಒಂದು ಪೂರ್ತಿ ಉಬ್ಬು ಸಿಕ್ಕೇ ಸಿಗುತ್ತದೆ. ರೆಕ್ಕೆ ಅದನ್ನು ದಾಟಿ ಹೋಗಬೇಕು, ಸ್ಕ್ರೂ ಆ ಉಬ್ಬಿನ ಮೇಲೆ ಕೂರಬೇಕು. ಒಂದು ಎಚ್ಚರ: ಪೈಪಿನ ಮುಖದಲ್ಲಿ ಪಾದ ಕೂರಲು ಜಾಗ ಬೇಕು. 50 ಎಂಎಂ ಪೈಪಿನಲ್ಲಿ ಶೀಟು 30 ಎಂಎಂ ಆವರಿಸಿಕೊಂಡಿದ್ದರೆ 20 ಉಳಿಯುತ್ತದೆ, ಸರಿ. ಅಷ್ಟೂ ಉಳಿದಿಲ್ಲ ಅಂದರೆ ಶೀಟಿನ ಅಂಚನ್ನು ಸ್ವಲ್ಪ ಕತ್ತರಿಸಿ ಹಿಂದೆ ಸರಿಸಿ. ಹೇಗೂ ತುಕ್ಕು ಹಿಡಿದ ಅಂಚು, ಹೋದರೆ ಒಳ್ಳೆಯದೇ.

ಈ ಅಳತೆಗಳನ್ನು ಕೂಡಿಸಿ ನೋಡಿ. ತಲೆಪಟ್ಟಿ 244, ಬದಿಪಟ್ಟಿ 152. ತಗಡು ಮಡಚಿ ಕೊಡುವ ಬೆಂಡಿಂಗ್ ಅಂಗಡಿಗೆ ಸಪಾಟು ಶೀಟು ಬರುವುದು ಸಾಮಾನ್ಯವಾಗಿ 4 ಅಡಿ ಅಗಲದಲ್ಲಿ, ಅಂದರೆ 1220 ಎಂಎಂ. ಅದನ್ನು 244ರಂತೆ ಸೀಳಿದರೆ ಸರಿಯಾಗಿ ಐದು, 152ರಂತೆ ಸೀಳಿದರೆ ಎಂಟು. ಚೂರೂ ವ್ಯರ್ಥ ಇಲ್ಲ. ನಿಮಗೆ ಬೇಕಾದದ್ದು ತಲೆಗೆ ಒಂದು, ಬದಿಗೆ ಎರಡು, ಒಟ್ಟು 548 ಎಂಎಂ ಅಗಲ. 8 ಅಡಿ ಉದ್ದದ ಒಂದು ಶೀಟಿನ ಅರ್ಧಕ್ಕಿಂತ ಕಡಿಮೆ. ಪೂರ್ತಿ ಶೀಟಿನ ದುಡ್ಡು ಕೇಳಿದರೆ ಉಳಿದದ್ದನ್ನು ಬಿಟ್ಟು ಬರಬೇಡಿ, ಕೇಳಿ ತೆಗೆದುಕೊಂಡು ಬನ್ನಿ.

ಅಂಗಡಿಗೆ ಹೋಗುವಾಗ ಬಾಯಲ್ಲಿ ಹೇಳಬೇಡಿ. ಹಾಳೆಯ ಮೇಲೆ ಪಟ್ಟಿಯನ್ನು ಪಕ್ಕದಿಂದ ಕಂಡಂತೆ ಬರೆದು, ಪ್ರತಿ ಭಾಗಕ್ಕೂ ಅಳತೆ ಹಾಕಿ. ಬಣ್ಣದ ಶೀಟಿನಲ್ಲಿ ಮಾಡಿಸುವುದಾದರೆ ಬಣ್ಣದ ಮಗ್ಗುಲು ಯಾವ ಕಡೆ ಅಂತ ಬಾಣ ಹಾಕಿ ತೋರಿಸಿ. ಈ ಒಂದು ಬಾಣ ಇಲ್ಲದೆ ಉಲ್ಟಾ ಮಡಚಿದ ಪಟ್ಟಿಗಳ ರಾಶಿ ಪ್ರತಿ ಬೆಂಡಿಂಗ್ ಅಂಗಡಿಯ ಮೂಲೆಯಲ್ಲೂ ಬಿದ್ದಿರುತ್ತದೆ. ಎಡ ಬದಿ, ಬಲ ಬದಿ ಬೇರೆ ಬೇರೆ ಬೇಕಾ ಅಂತ ಕೇಳಿದರೆ ಬೇಡ ಅನ್ನಿ. ತಲೆಕೆಳಗು ಮಾಡಿದರೆ ಒಂದೇ ಝಡ್ ಎರಡು ಕಡೆಗೂ ಆಗುತ್ತದೆ.

ದಪ್ಪ 0.5 ಎಂಎಂ ಸಾಕು. ದಪ್ಪಕ್ಕಿಂತ ಲೇಪದ ಬಗ್ಗೆ ಕೇಳಿ. ಜಿಐ ಶೀಟಿನಲ್ಲಿ ಚದರ ಮೀಟರಿಗೆ 120 ಗ್ರಾಂ ಜಿಂಕ್ ಇರುವುದೂ ಸಿಗುತ್ತದೆ, 275 ಗ್ರಾಂ ಇರುವುದೂ ಸಿಗುತ್ತದೆ. ಎರಡು ಮೈಯೂ ಸೇರಿದ ಲೆಕ್ಕ ಅದು. ಮಲೆನಾಡಿಗೆ 275 ತನ್ನಿ. ಗ್ಯಾಲ್ವಾಲೂಮ್ ಆದರೂ ನಡೆಯುತ್ತದೆ. ಅದರ ಲೇಪದಲ್ಲಿ 55 ಭಾಗ ಅಲ್ಯುಮಿನಿಯಂ, ಉಳಿದದ್ದು ಹೆಚ್ಚೂಕಡಿಮೆ ಜಿಂಕ್. ನಿಮ್ಮ ಜಿಂಕ್ ಶೀಟಿನ ಜೊತೆ ಅದಕ್ಕೆ ಜಗಳ ಇಲ್ಲ.

ತಲೆಪಟ್ಟಿಯ ಉದ್ದ ಬಾಗಿಲಷ್ಟೇ ಇದ್ದರೆ ಸಾಲದು. ಎರಡು ಬದಿಪಟ್ಟಿಯ ರೆಕ್ಕೆಯನ್ನೂ ಅದು ಮುಚ್ಚಬೇಕು. ಎಡಗಡೆ ಶೀಟು ಕೊಯ್ದ ಅಂಚಿನಿಂದ ಬಲಗಡೆ ಕೊಯ್ದ ಅಂಚಿನವರೆಗೆ ಅಳೆಯಿರಿ. ಅದಕ್ಕೆ ಒಂದೊಂದು ಕಡೆ 110 ಎಂಎಂ ಸೇರಿಸಿ, ತುದಿ ಮಡಚಲು ಇನ್ನು 15 ಸೇರಿಸಿ. ನಿಮ್ಮ ಬಾಗಿಲಿಗೆ ಸುಮಾರು 5 ಅಡಿ ಬರುತ್ತದೆ.

ಕೆಲಸ ಶುರು ಮಾಡುವ ಮೊದಲು ಶೆಡ್ಡಿನ ಮೇನ್ ಸ್ವಿಚ್ ಆಫ್ ಮಾಡಿ. ಬಾಗಿಲ ಪಕ್ಕ ಸ್ವಿಚ್ ಬೋರ್ಡ್ ಇಟ್ಟು ವೈರನ್ನು ಶೀಟಿನ ಹಿಂದೆ ಎಳೆದಿರುತ್ತಾರೆ. ಗೋಡೆಯೇ ತಗಡಿನದು, ಸ್ಕ್ರೂ ವೈರಿಗೆ ತಾಗಿದರೆ ಇಡೀ ಗೋಡೆಗೆ ಕರೆಂಟು ಬರುತ್ತದೆ. ಕೈಗೆ ಗ್ಲೌಸ್ ಇರಲಿ.

ಹಳೇ ಸಿಲಿಕಾನನ್ನು ಪೂರ್ತಿ ಕೆರೆದು ತೆಗೆಯಿರಿ. ಬಾಗಿಲ ಮೇಲಿನ ಸ್ಕ್ರೂಗಳನ್ನೂ, ಎರಡು ಮೂಲೆಯಿಂದ 110 ಎಂಎಂ ಆಚೆವರೆಗೆ ಇರುವ ಸ್ಕ್ರೂಗಳನ್ನೂ ಬಿಚ್ಚಿ. ಶೀಟಿನ ಅಡಿಗೆ ಮರದ ಚಕ್ಕೆ ಕೊಟ್ಟು ಸ್ವಲ್ಪ ಹೊರಕ್ಕೆ ಎತ್ತಿ. ಈಗ ಹಿಂದಿನ ಪೈಪು ಕಾಣುತ್ತದೆ. ತುಕ್ಕು ಇದ್ದೇ ಇರುತ್ತದೆ. ತಂತಿ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಲು ಬಿಡಿ. ಪಟ್ಟಿ ಕೂತ ಮೇಲೆ ಈ ಜಾಗಕ್ಕೆ ಬ್ರಷ್ ಹೋಗುವುದಿಲ್ಲ.

ಆಮೇಲೆ ಕತ್ತರಿಸುವ ಕೆಲಸ. ಬಾಗಿಲ ತಲೆಯ ಪೈಪಿನ ಕೆಳ ಅಂಚಿನಿಂದ 20 ಎಂಎಂ ಮೇಲೆ ಒಂದು ಗೆರೆ ಎಳೆಯಿರಿ. ಚಾಚು ಕೂರುವುದು ಇಲ್ಲಿ. ಅದರಿಂದ 10 ಎಂಎಂ ಮೇಲೆ ಇನ್ನೊಂದು ಗೆರೆ. ಶೀಟಿನ ಅಂಚು ನಿಲ್ಲಬೇಕಾದದ್ದು ಇಲ್ಲಿ. ಶೀಟು ಚಾಚಿನ ಮೇಲೆ ಕೂರಬಾರದು. ತಾಗಿದರೆ ನಡುವೆ ನೀರು ಹಿಡಿದುಕೊಂಡು ಅಂಚು ಮತ್ತೆ ತುಕ್ಕು ಹಿಡಿಯುತ್ತದೆ. ಬಾಗಿಲ ಅಗಲಕ್ಕೆ ಈ ಮೇಲಿನ ಗೆರೆಯಲ್ಲಿ ಕತ್ತರಿಸಿ. ಮೂಲೆಯಲ್ಲಿ ಅಲ್ಲಿಗೇ ನಿಲ್ಲಿಸಬೇಡಿ. ಎರಡು ಗೆರೆಗಳ ನಡುವಿನ ಪಟ್ಟಿಯಷ್ಟನ್ನೇ ಪಕ್ಕದ ಶೀಟಿನಲ್ಲೂ 110 ಎಂಎಂ ಉದ್ದಕ್ಕೆ ಕತ್ತರಿಸಿ ತೆಗೆಯಿರಿ. ಚಾಚು ಹಿಂದಿನಿಂದ ಹೊರಬರಲು ಈ ಸೀಳು ಬೇಕು. ಕೆಲಸದವರು ಬಿಡುವುದು ಇದನ್ನೇ. ಸೀಳು ಇಲ್ಲದಿದ್ದರೆ ತಲೆಪಟ್ಟಿ ಬಾಗಿಲ ಮೂಲೆಗೇ ಮುಗಿದುಹೋಗುತ್ತದೆ, ಅದರ ಮೇಲೆ ಬಿದ್ದ ನೀರೆಲ್ಲ ತುದಿಯಿಂದ ನೇರವಾಗಿ ಬದಿಪಟ್ಟಿಯ ಒಳಗೆ ಸುರಿಯುತ್ತದೆ.

ದಯವಿಟ್ಟು ಗ್ರೈಂಡರ್ ಮುಟ್ಟಬೇಡಿ. ಅದರ ಬಿಸಿಗೆ ಅಂಚಿನ ಜಿಂಕ್ ಸುಟ್ಟುಹೋಗುತ್ತದೆ. ಹಾರಿದ ಕಿಡಿಗಳು ಶೀಟಿನ ಮೈಗೆ ಅಂಟಿಕೊಂಡು ಒಂದು ಮಳೆಗೇ ಕಂದು ಚುಕ್ಕೆಗಳಾಗುತ್ತವೆ. ಕತ್ತರಿಯಲ್ಲಿ ಕತ್ತರಿಸಿದರೆ ಅಂಚಿನ ಪಕ್ಕದ ಜಿಂಕ್ ಉಳಿಯುತ್ತದೆ, ಅದು ತಾನು ಸವೆದು ಬರಿ ಅಂಚನ್ನು ಕಾಯುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣದ ಹಿಡಿಯ ತಗಡು ಕತ್ತರಿ ಸಿಗುತ್ತದೆ. ಕೆಂಪು ಹಿಡಿ ಎಡಕ್ಕೆ ತಿರುಗಿಸಲು, ಹಸಿರು ಹಿಡಿ ಬಲಕ್ಕೆ, ಹಳದಿ ನೇರಕ್ಕೆ. ನಿಮ್ಮ ಎರಡು ಮೂಲೆಗೆ ಕೆಂಪು, ಹಸಿರು ಎರಡೂ ಬೇಕಾಗುತ್ತದೆ. ಅಲೆಗೆ ಅಡ್ಡಲಾಗಿ ಕತ್ತರಿಸುವುದು ಸ್ವಲ್ಪ ಕಷ್ಟ. ಕತ್ತರಿಯ ಬಾಯನ್ನು ಪೂರ್ತಿ ಮುಚ್ಚದೆ ಮುಕ್ಕಾಲು ಮುಚ್ಚಿ ಮುಂದೆ ತಳ್ಳುತ್ತಾ ಹೋಗಿ. ಪೂರ್ತಿ ಮುಚ್ಚಿದಲ್ಲೆಲ್ಲ ಒಂದೊಂದು ಮುಳ್ಳು ಏಳುತ್ತದೆ. ಹಿಂದೆ ಗ್ರೈಂಡರ್‌ನಲ್ಲಿ ಕೊಯ್ದ ಅಂಚು ಎಲ್ಲಾದರೂ ಉಳಿದರೆ ಅದಕ್ಕೆ ಜಿಂಕ್ ಪೇಂಟ್ ಬಳಿಯಿರಿ.

ತಲೆಪಟ್ಟಿಯ ಎರಡು ತುದಿಯಲ್ಲಿ ಚಾಚನ್ನು 15 ಎಂಎಂ ಮೇಲಕ್ಕೆ ಮಡಚಿ. ಇದಕ್ಕೆ ಮೂತಿಯನ್ನೂ ಬೆನ್ನನ್ನೂ ಆ 15 ಎಂಎಂ ಅಷ್ಟು ಕತ್ತರಿಸಿಕೊಳ್ಳಬೇಕು. ಮಡಚಿದ ಮೂಲೆಗೆ ನ್ಯೂಟ್ರಲ್ ಸಿಲಿಕಾನ್ ಒಂದು ಬೊಟ್ಟು. ಸಿಲಿಕಾನ್‌ಗೆ ಸರಿಯಾದ ಜಾಗ ಇಂಥದ್ದು. ಬೆನ್ನಿನ ಹಿಂಬದಿಗೆ, ಪೈಪಿಗೆ ತಾಗುವ ಕಡೆ, ಉದ್ದಕ್ಕೂ ಬ್ಯುಟೈಲ್ ಟೇಪ್ (ಎರಡೂ ಮೈ ಅಂಟುವ ಮೆತ್ತನೆಯ ರಬ್ಬರ್ ಟೇಪ್) ಅಂಟಿಸಿ. ಸ್ಕ್ರೂ ಈ ಟೇಪನ್ನು ತೂರಿ ಹೋದಾಗ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟೇಪಿನ ಮೇಲಿನ ಕಾಗದವನ್ನು ಪಟ್ಟಿ ಜಾಗಕ್ಕೆ ಬರುವವರೆಗೆ ತೆಗೆಯಬೇಡಿ, ಅರ್ಧದಾರಿಯಲ್ಲಿ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಒಬ್ಬರು ಶೀಟನ್ನು ಎತ್ತಿ ಹಿಡಿಯಲಿ, ಇನ್ನೊಬ್ಬರು ಕೆಳಗಿನಿಂದ ಬೆನ್ನನ್ನು ಹಿಂದೆ ತೂರಿಸಿ ಮೇಲಕ್ಕೆ ತಳ್ಳಲಿ. ಚಾಚು ಕೆಳಗಿನ ಗೆರೆಗೆ ಬಂದಾಗ ಮಟ್ಟ ನೋಡಿ, ಕಾಗದ ಎಳೆದು, ಒತ್ತಿ.

ಈಗ ಶೀಟು, ಬೆನ್ನು, ಪೈಪು ಮೂರನ್ನೂ ಸೇರಿಸಿ ಸ್ಕ್ರೂ ಹೊಡೆಯಿರಿ. ರಬ್ಬರ್ ವಾಷರ್ ಇರುವ 5.5 ಎಂಎಂ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಆಗುತ್ತದೆ. ಹಳೇ ತೂತಿನಲ್ಲಿ ಹಿಡಿತ ಸಿಗದಿದ್ದರೆ ಅಲ್ಲಿಗೆ 6.3 ಎಂಎಂ ಹಾಕಿ. ಗೋಡೆಯಲ್ಲಿ ಪೈಪಿಗೆ ಹೊಡೆಯುವ ಸ್ಕ್ರೂ ತಗ್ಗಿನಲ್ಲಿ ಬರಬೇಕು. ಮಾಡಿಗೆ ಉಬ್ಬಿನ ಮೇಲೆ ಹೊಡೆದು ಅಭ್ಯಾಸ ಆದವರು ಗೋಡೆಗೂ ಹಾಗೇ ಹೊಡೆಯುತ್ತಾರೆ. ಆಗ ಶೀಟು ಅದುಮಿಕೊಂಡು ಅಲೆ ಚಪ್ಪಟೆಯಾಗುತ್ತದೆ, ಹಿಡಿತವೂ ಸಡಿಲ. ಬಿಗಿ ಮಾಡುವಾಗ ವಾಷರಿನ ರಬ್ಬರ್ ಸುತ್ತಲೂ ತುಸು ಉಬ್ಬಿದ್ದು ಕಂಡ ತಕ್ಷಣ ನಿಲ್ಲಿಸಿ. ರಬ್ಬರ್ ಹೊರಗೆ ಹಿಂಡಿ ಬಂದರೆ ಜಾಸ್ತಿ ಆಯಿತು ಅಂತ ಅರ್ಥ, ಎರಡು ಬೇಸಿಗೆಯಲ್ಲಿ ಅದು ಸೀಳುತ್ತದೆ.

ಬದಿಪಟ್ಟಿ ಸುಲಭ. ಪಾದದ ಹಿಂದೆ ಉದ್ದಕ್ಕೂ ಬ್ಯುಟೈಲ್ ಟೇಪ್, ಮೇಲಿನ ತುದಿ ಚಾಚಿನ ಅಡಿಗೆ ಒತ್ತಿಕೊಂಡಿರಲಿ. ಚಾಚು ವಾಲಿರುವುದರಿಂದ ತುದಿಯನ್ನೂ ಅದೇ ಓರೆಗೆ ಕತ್ತರಿಸಬೇಕು. ಪಾದವನ್ನು ಪೈಪಿಗೆ, ರೆಕ್ಕೆಯನ್ನು ಉಬ್ಬಿಗೆ ಒಂದೊಂದು ಅಡಿಗೆ ಒಂದರಂತೆ ಹೊಡೆಯಿರಿ. ರೆಕ್ಕೆಗೆ ಶೀಟಿಗೆ ಶೀಟು ಹಿಡಿಸುವ ಗಿಡ್ಡ ಸ್ಟಿಚಿಂಗ್ ಸ್ಕ್ರೂ ಬಳಸಿ. ರಿವೆಟ್ ಹೊಡೆಯುವವರೂ ಇದ್ದಾರೆ. ನನಗೆ ವಾಷರ್ ಇರುವ ಸ್ಕ್ರೂ ಮೇಲೆ ನಂಬಿಕೆ ಜಾಸ್ತಿ, ನಾಳೆ ಬಿಚ್ಚಬೇಕಾದರೂ ಬಿಚ್ಚಬಹುದು.

ಬದಿಪಟ್ಟಿಯ ಕೆಳತುದಿ ಪಂಚಾಂಗದಿಂದ 10 ಎಂಎಂ ಮೇಲೆ ನಿಲ್ಲಲಿ. ಅಲ್ಲಿ ಸಿಮೆಂಟ್ ಮೆತ್ತಿ ಫಿನಿಶಿಂಗ್ ಮಾಡುತ್ತೇವೆ ಅಂತ ಗಾರೆಯವರು ಬಂದರೆ ಬೇಡ ಅನ್ನಿ. ಹಸಿ ಸಿಮೆಂಟ್ ಜಿಂಕನ್ನೂ ಅಲ್ಯುಮಿನಿಯಂ ಅನ್ನೂ ತಿನ್ನುತ್ತದೆ, ಜೊತೆಗೆ ನೀರು ಹೊರಗೆ ಹೋಗುವ ದಾರಿಯೂ ಮುಚ್ಚುತ್ತದೆ. ತಲೆಯಲ್ಲಿ ಶೀಟಿಗೂ ಚಾಚಿಗೂ ನಡುವೆ ಬಿಟ್ಟ 10 ಎಂಎಂ ಸಂದಿಗೂ ಇದೇ ಮಾತು. ನೋಡಿದವರಿಗೆಲ್ಲ ಅಲ್ಲಿ ಸಿಲಿಕಾನ್ ಬಳಿಯಬೇಕು ಅನ್ನಿಸುತ್ತದೆ. ಬಳಿದರೆ ಮಾಡಿದ ಕೆಲಸ ಪೂರ್ತಿ ದಂಡ.

ಹಾಗಾದರೆ ಇಲಿಗೇನು? ಚಾಚಿನ ಮೇಲೆ ಪ್ರತಿ ಉಬ್ಬಿನ ಅಡಿಯಲ್ಲೂ ಒಂದು ಗೂಡು ಇರುತ್ತದೆ. ಅಲೆಯ ಆಕಾರಕ್ಕೇ ಕತ್ತರಿಸಿದ ಫೋಮ್ ಪಟ್ಟಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹುಳಕ್ಕೆ, ಗಾಳಿಗೆ ಅದು ಸರಿ. ಇಲಿ ಮಾತ್ರ ಅದನ್ನು ಒಂದೇ ರಾತ್ರಿಗೆ ಕಡಿದು ಹಾಕುತ್ತದೆ. ಅಡಿಕೆ, ಗೊಬ್ಬರದ ಶೆಡ್ಡಿಗೆ ಸಣ್ಣ ಕಣ್ಣಿನ ಜಿಐ ಜಾಲರಿಯ ತುಂಡನ್ನು ಸುರುಳಿ ಮಾಡಿ ಉಬ್ಬಿನೊಳಗೆ ತುರುಕಿ. ನೀರು ಇಳಿಯುತ್ತದೆ, ಇಲಿ ಏರುವುದಿಲ್ಲ. ಬದಿಪಟ್ಟಿಯ ಕೆಳಬಾಯಿಗೂ ಅಷ್ಟೇ ಮಾಡಿ.

ಔಷಧಿ ಪಂಪು ಇಡುತ್ತೇವೆ ಅಂದಿರಿ, ಅದಕ್ಕೆ ಇದೊಂದು ಹೇಳಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯಲ್ಲಿ ಮೈಲುತುತ್ತ ಇದೆ, ಅಂದರೆ ತಾಮ್ರ. ತಾಮ್ರದ ನೀರು ಜಿಂಕಿನ ಮೇಲೆ ಬಿದ್ದರೆ ತಾಮ್ರ ಅಲ್ಲೇ ಕೂತು ಸುತ್ತಲಿನ ಜಿಂಕನ್ನು ಕರಗಿಸುತ್ತದೆ. ಔಷಧಿ ಹೊಡೆದು ಬಂದು ಬಾಗಿಲ ಬಳಿಯೇ ಡ್ರಮ್ಮು, ಪೈಪು ತೊಳೆಯುವುದು ಎಲ್ಲ ತೋಟದಲ್ಲೂ ಇದ್ದದ್ದೇ. ಬದಿಪಟ್ಟಿಯ ಬುಡ ಮತ್ತು ಬಾಗಿಲ ಕೆಳಭಾಗ ಮೊದಲು ಹಾಳಾಗುವುದು ಹೀಗೆ. ತೊಳೆಯುವ ಜಾಗವನ್ನು ಸ್ವಲ್ಪ ಆಚೆ ಮಾಡಿಕೊಳ್ಳಿ. ಸಿಡಿದರೆ ನಿಂತ ಕಾಲಲ್ಲೇ ಒಂದು ಬಕೆಟ್ ಒಳ್ಳೆ ನೀರು ಎರಚಿ.

ಬೇರೆ ಬಗೆಯ ಬಾಗಿಲು, ಶೀಟು ಇರುವವರಿಗೆ ಎರಡು ಮಾತು. ಬಾಗಿಲು ಹೊರಗೆ ತೆರೆಯುವುದಾದರೆ ಮೇಲಿನ ಅಳತೆಯಲ್ಲಿ ಮೂತಿ ಬಾಗಿಲಿಗೆ ತಾಗುತ್ತದೆ. ಮೂತಿಯನ್ನು 15 ಎಂಎಂ ಮಾಡಿ, ಚಾಚಿನ ಗೆರೆಯನ್ನು ಪೈಪಿನ ಕೆಳ ಅಂಚಿನಿಂದ 30 ಎಂಎಂ ಮೇಲೆ ಎಳೆಯಿರಿ, ಶೀಟಿನ ಗೆರೆಯೂ ಅಷ್ಟೇ ಮೇಲೆ ಹೋಗಲಿ. ಬಾಗಿಲ ಕೀಲು ಹೊರಮುಖದಲ್ಲಿದ್ದರೆ ಪಾದವನ್ನು ಅಷ್ಟು ಜಾಗದಲ್ಲಿ ಕಚ್ಚು ಹಾಕಿ. ಅಲೆ ಶೀಟಲ್ಲದೆ ಚೌಕ ಏಣಿನ ಬಣ್ಣದ ಶೀಟಾದರೆ ಏಣಿನ ಎತ್ತರ 28–30 ಎಂಎಂ ಇರುತ್ತದೆ, ಏಣುಗಳೂ ದೂರ ದೂರ. 105 ರೆಕ್ಕೆ ಏಣಿಗೆ ಸಿಗದೇ ಹೋಗಬಹುದು. ಅದಕ್ಕೆ ಜೆ ಪಟ್ಟಿಯೇ ಸರಿ, ಬಾಯಿ 32 ಎಂಎಂ ಇರಲಿ. ಹಾಗೆ ಮಾಡಲು ಪಕ್ಕದ ಒಂದು ಶೀಟು ಬಿಚ್ಚಬೇಕಾಗುತ್ತದೆ.

ಬಾಗಿಲ ಮೇಲೆ ಎರಡಡಿ ಚಾಚಿದ ಶೀಟಿನ ಸಜ್ಜೆ ಹಾಕಿದರೆ ಇದೆಲ್ಲ ಬೇಡ ಅಲ್ವಾ ಅಂತ ಕೇಳುವವರಿದ್ದಾರೆ. ಸಜ್ಜೆ ಒಳ್ಳೆಯದೇ, ದುಡ್ಡಿದ್ದರೆ ಹಾಕಿಸಿ. ಆದರೆ ಆಷಾಢದ ಗಾಳಿಯಲ್ಲಿ ಮಳೆ ಅಡ್ಡಡ್ಡ ಬರುತ್ತದೆ. ಸಜ್ಜೆಯೂ ಗೋಡೆಗೆ ಸೇರುವ ಜಾಗದಲ್ಲಿ ಶೀಟಿನ ಹಿಂದೆ ಹೋಗುವ ಪಟ್ಟಿಯನ್ನೇ ಕೇಳುತ್ತದೆ. ಮೊದಲು ಬಾಗಿಲ ಪಟ್ಟಿ ಮಾಡಿಸಿ, ಸಜ್ಜೆ ಆಮೇಲೆ ನೋಡೋಣ.

ಎಲ್ಲ ಮುಗಿದ ಮೇಲೆ ಬಿದ್ದ ತಗಡಿನ ಚೂರು, ಡ್ರಿಲ್ಲಿನ ಪುಡಿಯನ್ನು ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ. ಚಾಚಿನ ಮೇಲೆ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಮಳೆ ಬರುವವರೆಗೆ ಕಾಯದೆ ಪೈಪಿನ ನೀರು ಬಿಟ್ಟು ನೋಡಿ. ಒಳಗಡೆ ಪೈಪಿನ ಉದ್ದಕ್ಕೂ ನ್ಯೂಸ್‌ಪೇಪರ್ ಪಟ್ಟಿ ಅಂಟಿಸಿ, ಒಂದು ಹನಿ ತಾಗಿದರೂ ಅದರಲ್ಲಿ ಕಾಣುತ್ತದೆ. ನೀರನ್ನು ಕೆಳಗಿನಿಂದ ಶುರು ಮಾಡಿ. ಮೊದಲು ಬದಿಪಟ್ಟಿಯ ಬುಡಕ್ಕೆ, ಸ್ವಲ್ಪ ಹೊತ್ತು ಬಿಟ್ಟು ಅದರ ಮಧ್ಯಕ್ಕೆ, ಆಮೇಲೆ ಮೂಲೆಗೆ, ಕೊನೆಗೆ ತಲೆಯ ಮೇಲಿನ ಶೀಟಿಗೆ. ಮೇಲಿನಿಂದ ಶುರು ಮಾಡಿದರೆ ಎಲ್ಲ ಒಟ್ಟಿಗೆ ಒದ್ದೆಯಾಗಿ ಯಾವ ಜಾಗ ಸೋರುತ್ತಿದೆ ಅಂತ ಗೊತ್ತಾಗುವುದಿಲ್ಲ. ಪೇಪರ್ ಮೇಲಿನ ಮೂಲೆಯಲ್ಲಿ ಮಾತ್ರ ಒದ್ದೆಯಾದರೆ ತುದಿ ಮಡಿಕೆಯ ಸಿಲಿಕಾನ್ ನೋಡಿ. ತಲೆಯ ನಡುವೆ ಒದ್ದೆಯಾದರೆ ಯಾವುದೋ ಸ್ಕ್ರೂ ಟೇಪನ್ನು ತಪ್ಪಿಸಿ ಹೋಗಿದೆ, ಅದನ್ನು ಬಿಚ್ಚಿ ಒಂದು ಬೊಟ್ಟು ಸಿಲಿಕಾನ್ ಇಟ್ಟು ಮತ್ತೆ ಹೊಡೆಯಿರಿ.